ಲೀಲಾಬಾಯಿ ನುಂಗಿದ ಮಾತು

ಆ ಮಂಗಳವಾರ ಕುರನೂರಿನ ಅಂಗನವಾಡಿ ಕೋಣೆಯಲ್ಲಿ ಮೂವತ್ತು ಹೆಂಗಸರು ಕೂತಿದ್ದರು. ಮಾತಾಡಲು ಬಂದಿದ್ದ ನರ್ಸಿಗೆ ಕನ್ನಡ ಬರುತ್ತಿರಲಿಲ್ಲ. ಕೇಳಲು ಬಂದವರಲ್ಲಿ ಅರ್ಧ ಜನಕ್ಕೆ ಮರಾಠಿ ನೆಟ್ಟಗೆ ಬರುತ್ತಿರಲಿಲ್ಲ. ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಊರುಗಳಲ್ಲಿ ಇದೇನು ಹೊಸದಲ್ಲ. ಕಾಗದಪತ್ರವೆಲ್ಲ ಮರಾಠಿಯದು, ಮನೆಯೊಳಗಿನ ಮಾತು ಕನ್ನಡದ್ದು. ನಡುವೆ ಎರಡೂ ಬಲ್ಲವರೊಬ್ಬರು ಸಿಕ್ಕರೆ ಕೆಲಸ ಸಾಗುತ್ತದೆ.

ಅವತ್ತು ಸಿಕ್ಕವರು ಲೀಲಾಬಾಯಿ. ಸೊಲ್ಲಾಪುರದ ಅರಿವೆ ವ್ಯಾಪಾರಿಯ ಮಗಳು. ಹತ್ತನೆಯ ತನಕ ಮರಾಠಿ ಶಾಲೆಯಲ್ಲಿ ಓದಿದವರು. ಮದುವೆಯಾಗಿ ಬಂದದ್ದು ಕುರನೂರಿನ ಕಿರಾಣಿ ಅಂಗಡಿ ರಾಚಪ್ಪನ ಮನೆಗೆ. ಊರಿನ ಆಶಾ ಕಾರ್ಯಕರ್ತೆ ಬೀರವ್ವ ತಾಯಿಯ ಆಪರೇಶನ್ನಿಗೆಂದು ಊರು ಬಿಟ್ಟಿದ್ದರಿಂದ, ನರ್ಸ್ ರೂಪಾಲಿ ಅಂಗಡಿಗೇ ಬಂದು ಕೇಳಿದ್ದರು: ನಾನು ಮರಾಠಿಯಲ್ಲಿ ಹೇಳುತ್ತೇನೆ, ನೀವು ಕನ್ನಡದಲ್ಲಿ ತಿಳಿಸಿಕೊಡುತ್ತೀರಾ?

ಲೀಲಾಬಾಯಿ ಹ್ಞೂಂ ಅಂದುಬಿಟ್ಟರು. ಪೋಲಿಯೋ ಹನಿಯ ಮಾತೋ, ಡೆಂಗ್ಯೂ ಸೊಳ್ಳೆಯ ಮಾತೋ ಇರಬೇಕು ಅಂದುಕೊಂಡಿದ್ದರು.

ಅದು ಯಾವುದೂ ಆಗಿರಲಿಲ್ಲ. ವಯಸ್ಸಿಗೆ ಬಂದಾಗ ಮೈಯಲ್ಲಿ ಏನೇನು ಬದಲಾಗುತ್ತದೆ, ಬಸಿರು ಹೇಗೆ ನಿಲ್ಲುತ್ತದೆ, ಇಪ್ಪತ್ತು ತುಂಬುವ ಮೊದಲು ಬಸಿರಾದರೆ ತಾಯಿಗೂ ಕೂಸಿಗೂ ಏನು ಅಪಾಯ, ಅದನ್ನು ತಡೆಯುವುದು ಹೇಗೆ ಎಂದು ರೂಪಾಲಿ ಹೇಳುತ್ತ ಹೋದರು. ಲೀಲಾಬಾಯಿಯ ಕಿವಿ ಬಿಸಿಯಾಯಿತು. ಎದುರಿಗೆ ವಯಸ್ಸಾದ ದ್ರೌಪದಿ, ತನ್ನ ಸೊಸೆ ಉಜ್ವಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಿದ್ದಳು. ಹಿಂದಿನ ಸಾಲಿನಲ್ಲಿ ಲೀಲಾಬಾಯಿಯ ಮಗಳು ಪೂನಮ ಇದ್ದಳು. ಹನ್ನೊಂದನೆಯ ತರಗತಿಯ ಹುಡುಗಿ.

"ಈ ರೋಗಗಳು ಲೈಂಗಿಕ ಸಂಬಂಧದಿಂದ ಒಬ್ಬರಿಂದ ಇನ್ನೊಬ್ಬರಿಗೆ ಅಂಟುತ್ತವೆ," ಎಂದರು ರೂಪಾಲಿ ಮರಾಠಿಯಲ್ಲಿ. "ಗಂಡಸರಿಗೂ ಬರುತ್ತವೆ, ಹೆಂಗಸರಿಗೂ ಬರುತ್ತವೆ. ಎಷ್ಟೋ ಸಲ ಹೊರಗೆ ಏನೂ ಕಾಣುವುದಿಲ್ಲ. ನಿರೋಧ ಬಳಸಿದರೆ ತಡೆಯಬಹುದು."

ಲೀಲಾಬಾಯಿಗೆ ಒಂದೊಂದು ಮಾತೂ ಅರ್ಥವಾಯಿತು. ಆದರೆ ಅದನ್ನು ಕನ್ನಡಕ್ಕೆ ತರುವುದು ಹೇಗೆ? ಆ ವಿಷಯಕ್ಕೆ ಅವರಿಗೆ ಗೊತ್ತಿದ್ದ ಕನ್ನಡದ ಮಾತುಗಳೆಲ್ಲ ಜಗಳದಲ್ಲಿ ಬಯ್ಯುವವು. ಮನೆಯಲ್ಲಿ ಕೂತು ಆಡುವಂಥ ಒಂದು ಮಾತನ್ನೂ ಅವರಿಗೆ ಯಾರೂ ಕಲಿಸಿರಲಿಲ್ಲ. ಎಲ್ಲರೂ ತಮ್ಮ ಬಾಯಿಯನ್ನೇ ನೋಡುತ್ತಿದ್ದಾರೆ. ಅವರು ‘ಸಂಬಂಧ’ದ ಹಿಂದಿನ ಪದವನ್ನು ನುಂಗಿದರು. ಉಳಿದದ್ದನ್ನು ಹೇಳಿದರು.

"ಈ ರೋಗ ಸಂಬಂಧದಿಂದ ಬರ್ತಾವ ಅಂತ್ರಿ. ಎಲ್ಲಾರೂ ಸ್ವಚ್ಛ ಇರ್ರಿ, ಹುಷಾರ ಇರ್ರಿ."

ರೂಪಾಲಿ ಹತ್ತು ನಿಮಿಷ ಮಾತಾಡಿದ್ದನ್ನು ಲೀಲಾಬಾಯಿ ಎರಡು ನಿಮಿಷದಲ್ಲಿ ಮುಗಿಸಿದರು. ಇಷ್ಟು ಬೇಗ ಆಯಿತೇ ಎಂದು ರೂಪಾಲಿ ಕೇಳಿದರು. ಕನ್ನಡದಲ್ಲಿ ಇಷ್ಟೇ ಆಗುತ್ತದೆ ಎಂದರು ಲೀಲಾಬಾಯಿ.

ಸಭೆ ಮುಗಿದ ಮೇಲೆ ಉಜ್ವಲಾ ಹಿಂದೆಯೇ ಬಂದಳು. ಹತ್ತೊಂಬತ್ತರ ಹುಡುಗಿ. ಅಫಜಲಪುರದ ಕಡೆಯಿಂದ ಮದುವೆಯಾಗಿ ಬಂದು ವರ್ಷವಾಗಿತ್ತು. ಗಂಡ ಪಪ್ಪು ಮಂದ್ರೂಪದ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ, ಶನಿವಾರ ಬಂದು ಸೋಮವಾರ ಹೋಗುತ್ತಾನೆ.

"ಕಾಕೂ, ನನಗ ಎರಡ ತಿಂಗಳಿಂದ ಬಿಳಿ ಹೋಗಾಕತ್ತದ್ರಿ," ಎಂದಳು ಸಣ್ಣ ದನಿಯಲ್ಲಿ. "ವಾಸನಿ ಬರ್ತದ, ತುರಿಸ್ತದ. ಕಿಬ್ಬೊಟ್ಟಿ ನೋಯ್ತದ. ಅತ್ತಿ ಉಷ್ಣ ಆಗ್ಯದ ಅಂತ ಜೀರಗಿ ನೀರ ಕೊಡ್ತಾಳ. ಕಮ್ಮಿ ಆಗವಲ್ದು."

ಲೀಲಾಬಾಯಿ ಅದನ್ನು ರೂಪಾಲಿಗೆ ಹೇಳಿದರು. ಎರಡು ದಿನ ಬಿಟ್ಟು ಅಕ್ಕಲಕೋಟೆಯ ಸರಕಾರಿ ದವಾಖಾನೆಗೆ ಕರೆದುಕೊಂಡೂ ಹೋದರು. ದ್ರೌಪದಿಯೂ ಜೊತೆಗೆ ಹೊರಟಳು. ಲೇಡಿ ಡಾಕ್ಟರು ಪರೀಕ್ಷೆ ಮಾಡಿದರು, ರಕ್ತ ತೆಗೆದರು. ಆಮೇಲೆ ರೂಪಾಲಿ ಎರಡು ಪಾಕೀಟು ಗುಳಿಗೆ ತಂದು ಲೀಲಾಬಾಯಿಯ ಕೈಗೆ ಕೊಟ್ಟರು.

"ಒಂದು ಇವಳದು, ಒಂದು ಗಂಡನದು. ಇಬ್ಬರೂ ಒಂದೇ ಸಲ ತೆಗೆದುಕೊಳ್ಳಬೇಕು. ಗಂಡನೂ ಒಮ್ಮೆ ಬಂದು ತೋರಿಸಿಕೊಳ್ಳಲಿ. ಮುಗಿಯುವ ತನಕ ಇಬ್ಬರೂ ಕೂಡಬಾರದು. ಒಬ್ಬರೇ ತೆಗೆದುಕೊಂಡರೆ ಮತ್ತೆ ಅಂಟುತ್ತದೆ."

ದ್ರೌಪದಿ ಬೆಂಚಿನ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದಳು. ಅತ್ತೆಯ ಎದುರಿಗೆ ಮಗನ ರೋಗದ ಮಾತು ಹೇಗೆ ಆಡುವುದು? ಲೀಲಾಬಾಯಿಯ ತಲೆ ಗೊಂದಲದ ಗೂಡಾಯಿತು. ಗುಳಿಗೆ ಹೇಗೂ ಗುಳಿಗೆ ತಾನೆ, ಹೆಚ್ಚು ತಿಂದರೆ ಬೇಗ ವಾಸಿಯಾದೀತು ಎಂದು ಆ ಗಡಿಬಿಡಿಯಲ್ಲಿ ಅವರಿಗೆ ಅನ್ನಿಸಿತು.

"ಇದು ತಗೊ ತಂಗಿ. ಇದು ಮುಗದ ಮ್ಯಾಲೆ ಅದು ತಗೊ," ಎಂದರು. ಅಷ್ಟಕ್ಕೆ ಬಿಡದೆ ತಮ್ಮ ಕಡೆಯಿಂದ, "ಖಾರ ಕಮ್ಮಿ ತಿನ್ನು," ಎಂದೂ ಸೇರಿಸಿದರು.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ದ್ರೌಪದಿ ಸಕ್ಕರೆ ಕಟ್ಟಿಸಿಕೊಳ್ಳಲು ಅಂಗಡಿಗೆ ಬಂದಳು.

"ಉಜ್ವಲಾ ಹ್ಯಾಂಗಿದ್ದಾಳ, ದ್ರೌಪದಕ್ಕ?" ಎಂದು ಲೀಲಾಬಾಯಿ ಕೇಳಿದರು.

"ತವರಮನಿಗೆ ಕಳಿಸೀನಿ ಬಾಯರ. ಎರಡನೇ ಪಾಕೀಟ ತಗೊಂಡಾಗ ಮೂರ ದಿನ ಕೂಳ ನಿಲ್ಲಲಿಲ್ಲ, ಬರೇ ವಾಂತಿ. ಅದಾದ ಮ್ಯಾಲೆ ನಾಕ ದಿನ ಬರೋಬರಿ ಇದ್ಲು. ಮತ್ತ ಸುರು ಆತು. ಅಕಿ ಅಣ್ಣನ್ನ ಕರಿಸಿ ಕಳಿಸಿಬಿಟ್ಟೆ. ಇನ್ನ ಕರ್ಕೊಂಡ ಬರೂದಿಲ್ಲ."

"ಅಂದ್ರ? ಯಾಕ?"

"ನೀವ ಹೇಳಿದ್ರೆಲ್ಲ. ಈ ರೋಗ ಸಂಬಂಧದಿಂದ ಬರ್ತದ ಅಂತ. ನಾವು ಸಂಬಂಧ ನೋಡಿ ಮಾಡಾಗ ಎಡವಿದ್ವಿ. ಬೀಗರ ಮನ್ಯಾಗಿನ ರೋಗ ನಮ್ಮ ಮನಿಗೆ ಬಂತು. ಸಿಸ್ಟರೇ ಹೇಳ್ಯಾರ ಅಂದ ಮ್ಯಾಲೆ ಸುಳ್ಳ ಇರ್ತದೇನು?"

ಲೀಲಾಬಾಯಿಯ ಕೈಯಲ್ಲಿನ ಸಕ್ಕರೆ ಚಮಚ ಹಾಗೇ ನಿಂತಿತು. ಸಂಬಂಧ ಅಂದರೆ ಬೀಗತನ. ಊರಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ದ್ರೌಪದಿ ಕೇಳಿಸಿಕೊಂಡದ್ದರಲ್ಲಿ ತಪ್ಪಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿತ್ತು? ಅವರಿಗೆ ಗೊತ್ತಿತ್ತು, ಆದರೆ ಗೊತ್ತಿಲ್ಲ ಅಂದುಕೊಳ್ಳಲು ನೋಡಿದರು. ಹುಡುಗಿಯ ಮೈ ಗುಣವೇ ಹಾಗಿರಬಹುದು. ಗುಳಿಗೆ ಹಳೆಯದಿರಬಹುದು. ಹೀಗೆ ಏನೇನೋ ಯೋಚಿಸುತ್ತ ಸಂಜೆಯ ತನಕ ಗಿರಾಕಿಗಳು ಬೇಳೆ ಕೇಳಿದರೆ ಅಕ್ಕಿ ಕಟ್ಟಿಕೊಟ್ಟರು.

ಕಾಲೇಜಿನಿಂದ ಬಂದ ಪೂನಮ ತಾಯಿಯ ಮುಖ ನೋಡಿ ಏನಾಯಿತೆಂದು ಕೇಳಿದಳು. ಲೀಲಾಬಾಯಿ ಉಜ್ವಲಾಳ ಹೆಸರು ಹೇಳದೆ, ಅರ್ಧಂಬರ್ಧ ಹೇಳಿದರು.

"ಅವ್ವಾ, ಸಿಸ್ಟರ್ ಹೇಳಿದ್ದ ಬ್ಯಾರೆ, ನೀ ಹೇಳಿದ್ದ ಬ್ಯಾರೆ. ನಾ ಅವತ್ತೇ ಕೇಳೀನಿ."

"ನಿನಗ ಅದೆಲ್ಲಾ ಹ್ಯಾಂಗ ತಿಳೀತದ?" ಲೀಲಾಬಾಯಿಯ ದನಿ ಏರಿತು.

"ನಾ ಮರಾಠಿ ಸಾಲ್ಯಾಗ ಕಲ್ತಾಕಿ ಅಲ್ಲೇನು? ಅಲ್ಲಿ ಕೂತಿದ್ದ ಹುಡಿಗ್ಯಾರ ನಾವೆಲ್ಲಾ ತಿಳ್ಕೊಂಡ್ವಿ. ತಿಳೀದೇ ಇದ್ದದ್ದು ಕನ್ನಡದಾಗ ಕೇಳಿದವರಿಗೆ." ಆಮೇಲೆ ಮೆಲ್ಲಗೆ ಅಂದಳು, "ನಂಗೂ ಒಂದ ಎರಡು ತಿಳೀಲಿಲ್ಲ. ನಿನ್ನ ಕೇಳಬೇಕ ಅಂತಿದ್ದೆ. ನೀ ಸಿಟ್ಟಾಗ್ತಿ ಅಂತ ಬಿಟ್ಟೆ. ಫೋನಿನ್ಯಾಗ ನೋಡಿದ್ರ ಒಬ್ಬವ ಒಂದ ಹೇಳ್ತಾನ, ಇನ್ನೊಬ್ಬವ ಮತ್ತೊಂದ ಹೇಳ್ತಾನ."

ಲೀಲಾಬಾಯಿಗೆ ಮಗಳಿಗೆ ಬಯ್ಯಬೇಕೋ, ಅವಳ ಮುಂದೆ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಲಿಲ್ಲ. ಮರುದಿನ ಬೆಳಗ್ಗೆ ಆರೋಗ್ಯ ಉಪಕೇಂದ್ರಕ್ಕೆ ಹೋಗಿ ರೂಪಾಲಿಯ ಎದುರಿಗೆ ಕೂತು ನಡೆದದ್ದನ್ನೆಲ್ಲ ಹೇಳಿದರು. ಸಂಬಂಧದ ಮಾತು, ಎರಡು ಪಾಕೀಟು, ಖಾರ ಕಮ್ಮಿ ತಿನ್ನು ಅಂದದ್ದು ಕೂಡ.

ರೂಪಾಲಿಯ ಮುಖ ಗಂಭೀರವಾಯಿತು. ಬಯ್ಯಲಿಲ್ಲ. "ತಪ್ಪು ನನ್ನದೂ ಇದೆ," ಎಂದರು. "ಅವಳಿಗೆ ತಿಳಿಯಿತೇ ಎಂದು ಅವಳ ಬಾಯಿಂದಲೇ ಕೇಳಬೇಕಿತ್ತು. ಅತ್ತೆಯನ್ನು ಹೊರಗೆ ಕೂರಿಸಬೇಕಿತ್ತು. ಈಗ ಆ ಹುಡುಗಿಯನ್ನು ಬಿಡಬಾರದು. ಇದನ್ನು ಹೀಗೇ ಬಿಟ್ಟರೆ ಸೋಂಕು ಒಳಗೆ ಗರ್ಭನಾಳದ ತನಕ ಏರುತ್ತದೆ. ಆಮೇಲೆ ಬೇಕೆಂದಾಗ ಮಕ್ಕಳಾಗದೆ ಹೋಗಬಹುದು."

ಲೀಲಾಬಾಯಿ ಎದ್ದವರು ಮತ್ತೆ ಕೂತರು. ಕೇಳಬೇಕಾದದ್ದು ಇನ್ನೊಂದು ಇತ್ತು.

"ಸಿಸ್ಟರ್, ಇಪ್ಪತ್ತಕ್ಕಿಂತ ಮೊದಲು ಬಸಿರಾದರೆ ಮೈ ಸೆಟೆದು ಝಟಕೆ ಬರುತ್ತವೆ ಅಂತ ಅವತ್ತು ಸಭೆಯಲ್ಲಿ ಅಂದಿರಿ. ಹೌದೇ?" ಎಂದರು ಮರಾಠಿಯಲ್ಲಿ. "ನನ್ನ ಮದುವೆ ಹದಿನೇಳಕ್ಕಾಯಿತು. ಹದಿನೆಂಟಕ್ಕೆ ಮೊದಲ ಹೆರಿಗೆ. ಕಾಲು ಬಾತು, ತಲೆ ನೋವು, ಆಮೇಲೆ ಝಟಕೆ. ಕೂಸು ಬಹಳ ಸಣ್ಣದಿತ್ತು. ಎರಡೇ ದಿನ ಬದುಕಿತು. ದೃಷ್ಟಿಯಾಯಿತು ಅಂದರು ಎಲ್ಲರೂ. ನಾನು ಗ್ರಹಣದಲ್ಲಿ ಹೊರಗೆ ಹೋಗಿದ್ದೆ ಅಂದರು. ನನ್ನಿಂದಲೇ ಆಯಿತು ಅಂದುಕೊಂಡಿದ್ದೆ."

ರೂಪಾಲಿ ತಮ್ಮ ರಜಿಸ್ಟರ್ ಮುಚ್ಚಿದರು. "ಅದು ರಕ್ತದೊತ್ತಡ ಏರಿದ್ದರಿಂದ ಆಗಿರಬೇಕು. ವಯಸ್ಸೊಂದೇ ಕಾರಣ ಅಂತ ಇಷ್ಟು ವರ್ಷದ ಮೇಲೆ ನಾನು ಹೇಳಲಾರೆ. ಯಾವ ವಯಸ್ಸಿನಲ್ಲೂ ಬರಬಹುದು. ಆದರೆ ಚಿಕ್ಕ ವಯಸ್ಸಿನ ಬಸಿರಿನಲ್ಲಿ ಈ ಅಪಾಯ ಹೆಚ್ಚು. ಕೂಸು ಸಣ್ಣದಾಗುವುದೂ ಹೆಚ್ಚು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ."

ಇಪ್ಪತ್ತೈದು ವರ್ಷದಿಂದ ಹೊತ್ತುಕೊಂಡಿದ್ದ ಹೊರೆ ಅದು. ಇಳಿಯಿತೋ ಇಲ್ಲವೋ ಲೀಲಾಬಾಯಿಗೆ ಆ ಗಳಿಗೆಯಲ್ಲಿ ತಿಳಿಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಶನಿವಾರ ಪಪ್ಪು ಬರುತ್ತಾನೆ, ಅವತ್ತು ಅವರ ಮನೆಗೆ ಹೋಗೋಣ ಎಂದರು.

ಮೊದಲು ಉಜ್ವಲಾಗೆ ಫೋನು ಹಚ್ಚಿದರು. ಗುಳಿಗೆಯ ತಪ್ಪನ್ನು ಹೇಳಿ, ನಿನ್ನ ಗಂಡನ ಹತ್ತಿರ ಮಾತಾಡಲೇ ಎಂದು ಕೇಳಿದರು.

"ಕಾಕೂ, ನೀವು ಹೇಳಿದ್ರಿ ಅಂತ ಕಣ್ಣ ಮುಚ್ಚಿ ತಗೊಂಡೆ," ಎಂದಳು ಉಜ್ವಲಾ. "ಇಲ್ಲಿ ನಮ್ಮ ಅವ್ವ ಸೈತ ನನ್ನ ಮಾರಿ ನೋಡವಲ್ಳು. ಹೇಳ್ರಿ ಅವಗ. ಎಲ್ಲಾ ಹೇಳ್ರಿ. ಈ ಸಲ ಏನೂ ಬಿಡಬ್ಯಾಡ್ರಿ."

ಶನಿವಾರ ಸಂಜೆ ಇಬ್ಬರೂ ಹೋದಾಗ ದ್ರೌಪದಿಯ ಮನೆಯ ಪಡಸಾಲೆಯಲ್ಲಿ ಪಪ್ಪು ಚಹಾ ಕುಡಿಯುತ್ತ ಕೂತಿದ್ದ. ಗಡ್ಡ ಬೆಳೆದಿತ್ತು. ಅವನೊಬ್ಬನ ಜೊತೆ ಮಾತಾಡಬೇಕು ಎಂದು ಲೀಲಾಬಾಯಿ ಹೇಳಿದರೆ ದ್ರೌಪದಿ ಒಪ್ಪಲಿಲ್ಲ. ನನ್ನ ಮಗನ ಮಾತು ನನಗೆ ತಿಳಿಯದಂಥದ್ದು ಏನಿರುತ್ತದೆ ಎಂದಳು. ಅವ್ವನೂ ಇರಲಿ ಎಂದ ಪಪ್ಪು.

"ದ್ರೌಪದಕ್ಕ, ನಾ ನಿಮಗ ತಪ್ಪ ಹೇಳೀನಿ," ಎಂದು ಲೀಲಾಬಾಯಿ ಸುರು ಮಾಡಿದರು. "ಸಂಬಂಧ ಅಂದ್ರ ಬೀಗತನ ಅಲ್ಲ. ಗಂಡಸು ಹೆಂಗಸು ಕೂಡ್ತಾರಲ್ಲ, ಅದು. ಹಂಗ ಕೂಡಿದಾಗ ಒಬ್ರಿಂದ ಒಬ್ರಿಗೆ ಹತ್ತೋ ರೋಗ ಇದು. ಬೀಗರ ಮನಿಯಿಂದ ಬಂದದ್ದಲ್ಲ. ಆ ಎರಡ ಪಾಕೀಟಿನ್ಯಾಗ ಒಂದು ಪಪ್ಪುಂದಿತ್ತು. ನಾ ನಾಚಿಕೊಂಡು ಎರಡೂ ನಿಮ್ಮ ಸೊಸಿಗೇ ತಿನಿಸಿದೆ."

ದ್ರೌಪದಿ ಮೊದಲು ಲೀಲಾಬಾಯಿಯನ್ನು ನೋಡಿದಳು, ಆಮೇಲೆ ಮಗನನ್ನು. "ನನ್ನ ಮಗಗ ಏನೂ ಆಗಿಲ್ಲ. ಕಬ್ಬಿನ ಗಾಡಿ ಹೊಡ್ಯಾಂವ, ಕಲ್ಲಿನಂಗ ಇದ್ದಾನ."

"ಹೌದ ಕಾಕೂ, ನನಗೇನೂ ಇಲ್ರಿ," ಎಂದ ಪಪ್ಪು. ಆದರೆ ಅವನ ಕಣ್ಣು ಚಹಾದ ಕಪ್ಪಿನ ಮೇಲಿತ್ತು.

ರೂಪಾಲಿ ಮರಾಠಿಯಲ್ಲಿ ಹೇಳಿದರು, ಲೀಲಾಬಾಯಿ ಒಂದು ಪದವನ್ನೂ ಬಿಡದೆ ಕನ್ನಡದಲ್ಲಿ ಹೇಳಿದರು. ಗಂಡಸರಲ್ಲಿ ಎಷ್ಟೋ ಜನಕ್ಕೆ ಹೊರಗೆ ಏನೂ ಕಾಣುವುದಿಲ್ಲ. ಕಂಡರೂ ತಾನಾಗಿ ಕಡಿಮೆಯಾದಂತೆ ಆಗುತ್ತದೆ, ಒಳಗೆ ಇದ್ದೇ ಇರುತ್ತದೆ. ಯಾರಿಂದ ಬಂತು ಎಂದು ಹುಡುಕುವುದು ದವಾಖಾನೆಯ ಕೆಲಸ ಅಲ್ಲ. ಅಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತದೆ.

ಪಪ್ಪು ಚಹಾದ ಕಪ್ಪನ್ನು ಕೆಳಗಿಟ್ಟು ಬಾಯಿ ಬಿಟ್ಟ. "ಲಗ್ನಕ್ಕಿಂತ ಮೊದಲ, ಸೊಲ್ಲಾಪುರದಾಗ ಇದ್ದಾಗ, ಒಂದ ಸಲ ಒಂದಕ್ಕ ಕಾಲ ಮಡೀಲಿಕ್ಕ ಹೋದ್ರ ಉರಿ ಆಗಿತ್ತು. ಗೆಳ್ಯಾ ಒಬ್ಬವ ಮೆಡಿಕಲದಾಗಿಂದ ನಾಕ ಗುಳಿಗಿ ತಂದ ಕೊಟ್ಟ. ಎರಡ ತಗೊಂಡೆ, ಕಮ್ಮಿ ಆತು, ಉಳದದ್ದ ಒಗದೆ. ಅದು ಇದ ಅಂತ ನನಗೇನ ಗೊತ್ತು? ಯಾರನ್ನ ಕೇಳ್ಬೇಕಿತ್ತು?"

ದ್ರೌಪದಿ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಸರಿಸುವ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ನಿಂತಳು. "ಹಂಗಾದ್ರ ಆ ಹುಡುಗಿದು ಏನೂ ತಪ್ಪಿಲ್ಲೇನು?" ಎಂದು ಕೇಳಿದಳು. "ಪಪ್ಪು, ನಾಳೆ ಮುಂಜಾನೆ ಅಫಜಲಪುರದ ಗಾಡಿಗೆ ಹೋಗು. ನಾನೂ ಬರ್ತೀನಿ. ಬೀಗತಿಗೆ ನಾನ ಹೇಳಬೇಕು."

ಸೋಮವಾರ ಗಂಡ ಹೆಂಡತಿ ಇಬ್ಬರೂ ಅಕ್ಕಲಕೋಟೆಯ ದವಾಖಾನೆಯಲ್ಲಿದ್ದರು. ಹೋದ ಸಲ ತೆಗೆದಿದ್ದ ಉಜ್ವಲಾಳ ರಕ್ತದಲ್ಲಿ ಎಚ್‌ಐವಿ ಸಿಕ್ಕಿರಲಿಲ್ಲ. ಪಪ್ಪುವಿಗೂ ಎಚ್‌ಐವಿ ಪರೀಕ್ಷೆ ಮಾಡಿದರು, ಅವನದೂ ಚೊಕ್ಕವಿತ್ತು. ಆದರೆ ಸೋಂಕಿನ ಗುಳಿಗೆ ಇಬ್ಬರಿಗೂ ಕೊಟ್ಟರು. ಈ ಸಲ ಗುಳಿಗೆ ಹೇಗೆ ತೆಗೆದುಕೊಳ್ಳಬೇಕು ಎಂಬುದನ್ನು ಉಜ್ವಲಾ ತಾನೇ ತಿರುಗಿ ಹೇಳಿ ತೋರಿಸಿದಳು. ಪಪ್ಪು ಕಿವಿಯ ತನಕ ಕೆಂಪಾಗಿ ನಿರೋಧದ ಪಾಕೀಟನ್ನು ಅಂಗಿಯ ಕಿಸೆಗೆ ಇಳಿಸಿದ.

ಲೀಲಾಬಾಯಿಯ ಕಡೆ ಉಜ್ವಲಾ ಅವತ್ತು ಬಹಳ ನೋಡಲಿಲ್ಲ. ಅದು ಅವರಿಗೆ ಚುಚ್ಚಿತು. ಚುಚ್ಚಬೇಕಾದದ್ದೇ ಅಂದುಕೊಂಡರು.

ಮುಂದಿನ ತಿಂಗಳು ಅದೇ ಅಂಗನವಾಡಿಯಲ್ಲಿ ಮತ್ತೆ ಸಭೆ ಸೇರಿತು. ಬೀರವ್ವ ಊರಿಗೆ ಬಂದಿದ್ದಳು. ನಾನೇ ಹೇಳುತ್ತೇನೆ ಎಂದಳು. ಇಲ್ಲ, ನಾನು ಕೆಡಿಸಿದ್ದನ್ನು ನಾನೇ ಸರಿ ಮಾಡಬೇಕು ಎಂದು ಲೀಲಾಬಾಯಿ ಎದ್ದು ನಿಂತರು. ಉಜ್ವಲಾಳ ಹೆಸರು ಎತ್ತಲಿಲ್ಲ. ಹೋದ ಸಲ ತಾನು ಅರ್ಧ ಹೇಳಿ ಅರ್ಧ ನುಂಗಿದೆ ಎಂದು ಮಾತ್ರ ಹೇಳಿದರು. ತಮ್ಮ ಮೊದಲ ಹೆರಿಗೆಯ ಮಾತು ಹೇಳಿದರು. ಮುಟ್ಟಿನ ಮಾತು, ಕೂಡುವ ಮಾತು, ಬಸಿರಿನ ಮಾತು, ನಿರೋಧದ ಮಾತು ಎಲ್ಲವನ್ನೂ ಮನೆಯ ಕನ್ನಡದಲ್ಲೇ ಹೇಳಿದರು. ಎರಡು ಕಡೆ ತಡವರಿಸಿದರು. ಒಂದು ಪ್ರಶ್ನೆಗೆ, "ಇದು ನನಗೂ ಗೊತ್ತಿಲ್ರಿ, ಸಿಸ್ಟರ್‌ಗೆ ಕೇಳಿ ಹೇಳ್ತೀನಿ," ಎಂದು ಕೇಳಿಯೇ ಹೇಳಿದರು.

ಮೊದಲು ಕೆಲವರು ಬಾಯಿಗೆ ಸೆರಗು ಹಿಡಿದು ನಕ್ಕರು. ಒಬ್ಬಾಕೆ ಕೇಳಿದಳು, "ಹುಡಿಗ್ಯಾರ ಮುಂದ ಇದೆಲ್ಲಾ ಹೇಳಿದ್ರ ಅವ್ರು ಕೆಡೂದಿಲ್ಲೇನ್ರಿ?"

ಉತ್ತರ ಕೊಟ್ಟವಳು ದ್ರೌಪದಿ.

"ಹೇಳದೇ ಇದ್ದದ್ದಕ್ಕ ಏನಾತು ಅಂತ ನನ್ನ ಕೇಳು," ಎಂದಳು. ಆಮೇಲೆ ಲೀಲಾಬಾಯಿಯ ಕಡೆ ತಿರುಗಿದಳು. "ಬಾಯರ, ನನ್ನ ಸೊಸಿಗೆ ಇನ್ನೂ ಹತ್ತೊಂಬತ್ತು. ಮೊಮ್ಮಗನ್ನ ಕೊಡು ಅಂತ ನಾನ ದಿನಾ ಕಾಡ್ತಿದ್ದೆ. ಎರಡ ವರ್ಷ ತಡದ್ರ ಏನೂ ತ್ರಾಸ ಆಗೂದಿಲ್ಲಲ್ಲ? ಮುಂದ ನಿಲ್ತದಲ್ಲ?"

ಲೀಲಾಬಾಯಿ ರೂಪಾಲಿಯನ್ನು ಕೇಳಿದರು. ನಿರೋಧ ಬಳಸಿ ತಡೆದರೆ ಮುಂದೆ ಬಸಿರಾಗಲು ಏನೂ ಅಡ್ಡಿಯಿಲ್ಲ, ಬಿಟ್ಟ ಕೂಡಲೇ ಆಗಬಹುದು ಎಂದರು ಅವರು. ದ್ರೌಪದಿ ತಲೆಯಾಡಿಸಿದಳು. "ಹಂಗಾದ್ರ ತಡೀಲಿ. ಹುಡುಗಿ ಗಟ್ಟಿಯಾಗ್ಲಿ." ಪಕ್ಕದಲ್ಲಿದ್ದ ಉಜ್ವಲಾ ಅತ್ತೆಯ ಮುಖವನ್ನೇ ನೋಡುತ್ತ ಕೂತಳು. ನಂಬುವುದೋ ಬಿಡುವುದೋ ಎಂದು ಅವಳಿಗೆ ತಿಳಿದಂತಿರಲಿಲ್ಲ. ಆಮೇಲೆ ಮೆಲ್ಲಗೆ ಅತ್ತೆಯ ಹತ್ತಿರ ಸರಿದು ಕೂತಳು.

ಈ ಕಥೆಯನ್ನು ನಿಮ್ಮ ಉಳಿತಾಯ ಗುಂಪಿನಲ್ಲಿ ಈಗ ಯಾರೋ ಗಟ್ಟಿಯಾಗಿ ಓದುತ್ತಿರಬಹುದು. ಕೆಲವು ಮಾತು ಬಂದಾಗ ಅವರ ದನಿ ಸಣ್ಣದಾಗಿರಬಹುದು. ನಾಚಬೇಡಿ, ಆ ಸಾಲನ್ನು ಇನ್ನೊಮ್ಮೆ ಓದಲು ಹೇಳಿ. ಬಿಳಿ ಹೋಗುವುದೆಲ್ಲ ಅಂಟುರೋಗವಲ್ಲ, ಆದರೆ ವಾಸನೆ, ತುರಿಕೆ, ಉರಿ, ಕಿಬ್ಬೊಟ್ಟೆ ನೋವು ಇದ್ದರೆ ಜೀರಿಗೆ ನೀರಿನಲ್ಲಿ ದಿನ ಕಳೆಯದೆ ಸರಕಾರಿ ದವಾಖಾನೆಗೆ ಹೋಗಿ. ಡಾಕ್ಟರು ಇಬ್ಬರಿಗೂ ಗುಳಿಗೆ ಕೊಟ್ಟರೆ ಗಂಡ ಹೆಂಡತಿ ಇಬ್ಬರೂ ತೆಗೆದುಕೊಳ್ಳಿ, ನಡುವೆ ಬಿಡಬೇಡಿ. ಬಸಿರು ತಡೆಯುವ ಗುಳಿಗೆ ರೋಗವನ್ನು ತಡೆಯುವುದಿಲ್ಲ. ಎರಡನ್ನೂ ತಡೆಯಲು ನಿರೋಧ ಬೇಕು, ಅದು ಆಶಾ ಕಾರ್ಯಕರ್ತೆಯ ಹತ್ತಿರ ಸಿಗುತ್ತದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಎಲ್ಲಾದರೂ ನಡೆಯುವಂತಿದ್ದರೆ 1098ಕ್ಕೆ ಫೋನು ಮಾಡಿ. ಎಚ್‌ಐವಿ ಮತ್ತು ಇಂಥ ಸೋಂಕುಗಳ ಬಗ್ಗೆ ಕೇಳಬೇಕಾದದ್ದು ಇದ್ದರೆ 1097ಕ್ಕೆ ಮಾಡಿ, ದುಡ್ಡು ಹತ್ತುವುದಿಲ್ಲ.

ಡಾಕ್ಟರ ಮಾತು ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಅಲ್ಲೇ ಹೇಳಿ. ಮನೆಯಲ್ಲಿ ವಯಸ್ಸಿಗೆ ಬಂದ ಮಗಳಿದ್ದರೆ, ಮಗನಿದ್ದರೆ, ಇವತ್ತು ಊಟ ಆದ ಮೇಲೆ ಹತ್ತಿರ ಕೂರಿಸಿಕೊಂಡು ನಿಮ್ಮ ಮನೆಯ ಮಾತಿನಲ್ಲೇ ಸುರು ಮಾಡಿ.